ಎಲೆ ತಿನ್ನುವವನಿಗೆ ಬಾಳೆಹಣ್ಣು

ಸೌತ್ ಸಿ, ನೈರೋಬಿ
12 ಅಕ್ಟೋಬರ್ 2025, ಭಾನುವಾರ

ಪ್ರೀತಿಯ ಅಮ್ಮನಿಗೆ, ನಿನ್ನ ಕುಮುದಾಳ ನಮಸ್ಕಾರ.

ಮೈಸೂರು ಮುಟ್ಟಿದ ಮೇಲೆ ನೀನು ಮೂರು ಸಲ ಫೋನಿನಲ್ಲಿ ಜುಮಾ ಹೇಗಿದ್ದಾನೆ ಎಂದು ಕೇಳಿದೆ. ಮೂರು ಸಲವೂ ಚೆನ್ನಾಗಿದ್ದಾನೆ ಅಂದೆ. ಸುಳ್ಳು. ನೀನು ವಿಮಾನ ಹತ್ತಿದ ಮಾರನೆಯ ದಿನವೇ ಆ ಕೋತಿ ಸತ್ತುಹೋಯಿತು. ಫೋನಿನಲ್ಲಿ ಹೇಳಿದರೆ ನೀನು ಅಳುತ್ತೀಯ, ಸಮಾಧಾನ ಮಾಡಲು ಹೋಗಿ ನಾನು ಇನ್ನೊಂದು ಸುಳ್ಳು ಹೇಳುತ್ತೇನೆ. ಅದಕ್ಕೇ ಈ ಕಾಗದ.

ಮೊದಲು ಹೊಟ್ಟೆಯಲ್ಲಿರುವ ಹೇಸಿಗೆಯನ್ನೆಲ್ಲ ಕಾರಿಕೊಂಡುಬಿಡುತ್ತೇನೆ. ನಮ್ಮ ಪ್ರಾಣಿ ಉದ್ಯಾನದಲ್ಲಿ ನನ್ನ ಕೆಲಸ ಏನೆಂದು ನಿನಗೆ ಗೊತ್ತು. ಜಾಲರಿಯ ಮುಂದೆ ನಿಂತವರು ಕಾಡಿನಲ್ಲಿ ಉಳಿದಿರುವ ಕೊಲೊಬಸ್ ಕೋತಿಗಳ ಬಗ್ಗೆ ಒಂದು ನಿಮಿಷವಾದರೂ ಯೋಚಿಸುವಂತೆ ಮಾಡುವುದು. ಮರ ಕಡಿದ ಮೇಲೆ ಅವು ರಸ್ತೆಗಿಳಿದು ಲಾರಿಗೆ ಸಿಕ್ಕಿ, ಕರೆಂಟಿನ ತಂತಿ ಹಿಡಿದು ಸಾಯುತ್ತವೆ ಎಂದು ಫಲಕಗಳ ತುಂಬ ಬರೆಸಿದೆ. ಯಾರೂ ಓದಲಿಲ್ಲ. ಜಾಲರಿ ಅಲ್ಲಾಡಿಸಿದರು, ಹಲ್ಲು ಕಿರಿದರು, ಕೋತಿಗೆ ಬೆನ್ನು ಹಾಕಿ ಸೆಲ್ಫಿ ತೆಗೆದುಕೊಂಡರು. ಒಬ್ಬ ದೊಡ್ಡ ಮನುಷ್ಯ, ಮಗಳ ಹುಟ್ಟುಹಬ್ಬಕ್ಕೆ ಒಂದು ಮರಿ ಎಲ್ಲಿ ಸಿಗುತ್ತದೆ ಎಂದು ನನ್ನನ್ನೇ ಕೇಳಿದ.

ಆಗ ನನಗೆ ಅತಿ ಜಾಣತನ ಹೊಳೆಯಿತು. ಪಾರ್ಕ್‌ಲ್ಯಾಂಡ್ಸ್ ಕಡೆಯಿಂದ ಬರುವ ನಮ್ಮವರ ಮನಸ್ಸು ಮುಟ್ಟಲಿ ಎಂದು ಆಂಜನೇಯನ ಚಿತ್ರ ಹಾಕಿಸಿ, ಇವರು ಅವನ ಬಂಧುಗಳು, ಇವರ ಕಾಡನ್ನು ಉಳಿಸಿ ಎಂದು ಬರೆಸಿದೆ. ನಮ್ಮವರು ಮೊದಲರ್ಧ ಮಾತ್ರ ಓದಿದರು. ಪ್ರತಿ ಶನಿವಾರ ಸಾಲುಗಟ್ಟಿದರು. ಫಲಕಕ್ಕೆ ಕುಂಕುಮ ಬಳಿದರು, ಜಾಲರಿಯೊಳಗೆ ಪೇಡ, ತುಪ್ಪದ ಚಪಾತಿ ತುರುಕಿದರು. ಸಂಜೆಗೆ ಆ ಜಾಗವೆಲ್ಲ ಅಂಟಂಟು, ಅದರ ಮೇಲೆ ನೊಣ. ಮ್ಯಾನೇಜರ್ ಡೆಂಜಿಲ್‌ಗೆ ಮಾತ್ರ ಪರಮಾನಂದ. ಜನ ಹೆಚ್ಚಾದದ್ದನ್ನೇ ಅವನು ವನ್ಯಜೀವಿ ರಕ್ಷಣೆ ಎಂದು ವರದಿಯಲ್ಲಿ ಬರೆದ. ಅದಕ್ಕೆ ನಾನೂ ಸಹಿ ಹಾಕಿದೆ.

ನಿಜವಾದ ಕೆಲಸ ಮಾಡುತ್ತಿದ್ದವನು ಕೋತಿಗಳನ್ನು ನೋಡಿಕೊಳ್ಳುವ ಡೇವಿಡ್. ಶಾಲೆಯ ಮಕ್ಕಳನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಸೊಪ್ಪಿನ ಕೊಂಬೆಗಳನ್ನು ಕೈಗೆ ಕೊಟ್ಟು ಮೂಸಿಸುತ್ತಿದ್ದ. ಒಂದು ಕೋತಿ ಬದುಕಲು ಎಷ್ಟು ಮರ ಬೇಕು ಎಂದು ಅವರ ಬಾಯಿಂದಲೇ ಹೇಳಿಸುತ್ತಿದ್ದ. ಕೋತಿಗಳು ರಸ್ತೆ ದಾಟಲು ಮೇಲೆ ಕಟ್ಟುವ ಹಗ್ಗದ ಸೇತುವೆಯನ್ನು ಅವರಿಂದ ಹೆಣೆಸುತ್ತಿದ್ದ. ಹಾಗೆ ಹೆಣೆದ ಒಂದು ಸೇತುವೆ ಕರಾವಳಿಯ ರಸ್ತೆಯ ಮೇಲೆ ಈಗ ತೂಗುತ್ತಿದೆ, ಕೋತಿಗಳು ಅದರ ಮೇಲೆ ಓಡಾಡುತ್ತಿವೆ. ಹಿತ್ತಲಿನಲ್ಲಿ ಸೆಲ್ಫಿಗೆ ಅವಕಾಶವಿಲ್ಲದ್ದರಿಂದ ದೊಡ್ಡವರು ಆ ಕಡೆ ಸುಳಿಯುತ್ತಿರಲಿಲ್ಲ. ವರದಿಯಲ್ಲಿ ಅವನ ಕೆಲಸಕ್ಕೆ ನಾನು ಕೊಟ್ಟದ್ದು ಒಂದು ಸಾಲು.

ಇನ್ನು ಆ ಶನಿವಾರ. ನನ್ನ ವರ್ಕ್ ಪರ್ಮಿಟ್ ಮತ್ತೆ ಸಿಕ್ಕರೆ ಕೋತಿಗೆ ಹನ್ನೆರಡು ಬಾಳೆಹಣ್ಣು ಎಂದು ಹರಕೆ ಹೊತ್ತಿದ್ದೆಯಲ್ಲ. ನೀನು ಜಾಲರಿಯ ಹತ್ತಿರ ಹೋದಾಗ ಡೇವಿಡ್ ಓಡಿ ಬಂದ. ಇವು ಎಲೆ ತಿನ್ನುವ ಜಾತಿ, ಮಾಗಿದ ಹಣ್ಣು ಬಿದ್ದರೆ ಹೊಟ್ಟೆ ಹುಳಿತು ಉಬ್ಬರಿಸಿ ಸಾಯುತ್ತವೆ ಎಂದು ಇಂಗ್ಲಿಷಿನಲ್ಲಿ ಹೇಳಿದ. ಏನಂತೆ ಎಂದು ನೀನು ಕೇಳಿದೆ. ನಿಧಾನವಾಗಿ ಕೊಡಬೇಕಂತೆ ಎಂದೆ ನಾನು. "ಪಾಪ, ಬರೀ ಸೊಪ್ಪು ತಿಂದು ನಾಲಿಗೆ ಕೆಟ್ಟಿರತ್ತೆ ಕಣೇ" ಅಂದೆ ನೀನು. ಡೇವಿಡ್‌ಗೆ ಮಾತ್ರ, ಇವರು ನನ್ನ ತಾಯಿ, ನಾಳೆ ಹೊರಡುತ್ತಾರೆ, ಇವತ್ತೊಂದು ದಿನ ನೀನು ಆ ಕಡೆ ಹೋಗು ಎಂದು ಇಂಗ್ಲಿಷಿನಲ್ಲಿ ಹೇಳಿದೆ. "ಮೇಡಂ, ನಿಮಗೆ ಗೊತ್ತಿದೆ" ಎಂದಷ್ಟೇ ಹೇಳಿ ಅವನು ಹೋದ.

ಸೋಮವಾರ ಜುಮಾನ ಹೊಟ್ಟೆ ತಮಟೆಯ ಹಾಗೆ ಬಿಗಿದಿತ್ತು. ಮಧ್ಯಾಹ್ನಕ್ಕೆ ಎಲ್ಲ ಮುಗಿಯಿತು. ಕೊಯ್ದು ನೋಡಿದ ಡಾಕ್ಟರು ಸಾವಿಗೆ ಕಾರಣ ಬಾಳೆಹಣ್ಣೆಂದು ಬರೆದರು. ಡೆಂಜಿಲ್ ಅದನ್ನು ಡೇವಿಡ್‌ನ ನಿರ್ಲಕ್ಷ್ಯ ಎಂದು ಬರೆದು ಅವನನ್ನು ಮನೆಗೆ ಕಳಿಸಿದ. ನಾಳೆ ವಿಚಾರಣೆ. ಹದಿನೇಳು ವರ್ಷ ಆ ಕೋತಿಗಳಿಗೆ ಸೊಪ್ಪು ತಂದವನ ಕೆಲಸ ಹೋಗುತ್ತದೆ. ಅವನು ಇದುವರೆಗೆ ನನ್ನ ಹೆಸರು ಎತ್ತಿಲ್ಲ. ಎತ್ತಿದ್ದರೆ ಅವನನ್ನು ಬಯ್ದುಕೊಂಡಾದರೂ ಇರುತ್ತಿದ್ದೆ. ಈಗ ಬಯ್ಯಲು ಕನ್ನಡಿಯಲ್ಲಿರುವವಳು ಒಬ್ಬಳೇ.

ಹೇಳಿದರೆ ನನ್ನ ಕೆಲಸ ಹೋಗುತ್ತದೆ, ಅದರ ಹಿಂದೆಯೇ ನೀನು ಹರಕೆ ಹೊತ್ತು ಪಡೆದ ಪರ್ಮಿಟ್ಟೂ ಹೋಗುತ್ತದೆ. ಆ ಭಯಕ್ಕೆ ಒಂದು ವಾರ ಬಾಯಿಗೆ ಬೀಗ ಹಾಕಿಕೊಂಡೆ. ನಾಳೆ ಹೋಗಿ ಹೇಳುತ್ತೇನೆ. ಹಣ್ಣು ಕೊಟ್ಟವರು ನನ್ನ ತಾಯಿ, ವಯಸ್ಸಾದವರು, ತಿಳಿಯದೆ ಕೊಟ್ಟರು, ತಡೆಯಲು ಬಂದವನನ್ನು ಕಳಿಸಿದವಳು ನಾನು, ಡೇವಿಡ್‌ನದು ತಪ್ಪಿಲ್ಲ. ಇಷ್ಟು ಹೇಳಿದರೆ ಸಾಕಲ್ಲವೇ?

ಬಿ.ಪಿ. ಮಾತ್ರೆ ಮರೆಯಬೇಡ.

ನಿನ್ನ ಮಗಳು,
ಕುಮುದಾ

ವಿ.ಸೂ.: ಲಕೋಟೆಗೆ ಹಾಕುವ ಮುಂಚೆ ಓದಿ ನೋಡಿದೆ. ಹಣ್ಣನ್ನೆಲ್ಲ ನೀನೇ ಕೊಟ್ಟೆ ಎನ್ನುವ ಹಾಗೆ ಬರೆದಿದ್ದೇನೆ. ನಿನಗೇ ಬರೆಯುವ ಕಾಗದದಲ್ಲಿ ನಿನ್ನ ಮೇಲೆಯೇ ಹಾಕಿದ್ದೇನೆ. ನೀನು ಕೊಟ್ಟದ್ದು ಒಂದು. ಜುಮಾನ ಹಲ್ಲು ಕಂಡು ಹೆದರಿ, ಸಾಕು ಬಾರೇ ಎಂದು ನನ್ನ ಸೆರಗೆಳೆದೆ. ಹರಕೆ ಅರ್ಧಕ್ಕೆ ನಿಲ್ಲಬಾರದು ಎಂದು ಮಿಕ್ಕ ಹನ್ನೊಂದನ್ನೂ ಸುಲಿದು ಕೊಟ್ಟವಳು, ಎಲ್ಲ ಗೊತ್ತಿದ್ದವಳು, ನಾನು. ನಾಳೆ ಹೀಗೆಯೇ ಹೇಳುತ್ತೇನೆ.