ಲಾಂಚಿನಲ್ಲಿ ಹೇಳಿದ ಕಥೆ

ಮಾರ್ಚ್ 3, ಬೆಳಿಗ್ಗೆ

ಕಾಫಿ ಆಯಿತು. ಮೇಜಿನ ಮುಂದೆ ಕೂತೆ. ಒಂದು ಸಾಲು ಬರೆದೆ, ಹೊಡೆದು ಹಾಕಿದೆ. ಮತ್ತೆ ಅದೇ ಸಾಲು. ಬೀಗ ತೆಗೆಯೋದಕ್ಕೆ ಏನೋ ಬೇಕಲ್ಲ... ಕೈಯಲ್ಲಿ ತಿರುಗಿಸಿ ತೋರಿಸಬಲ್ಲೆ, ಹೆಸರು ಬರಲಿಲ್ಲ. ಎದ್ದು ಹೋಗಿ, ಮೊಳೆಗೆ ನೇತುಹಾಕಿದ್ದನ್ನು ನೋಡಿದ ಮೇಲೆ ಬಂತು — ಬೀಗದ ಕೈ.

ಸ್ಟ್ರೋಕ್ ಚಿಕ್ಕದು, ಪುಣ್ಯ, ಅಂದಿದ್ದರು ಡಾಕ್ಟರು. ಕೈಕಾಲು ನೆಟ್ಟಗಿವೆ. ಮಾತು ಮಾತ್ರ ಅಲ್ಲಲ್ಲಿ ಕೈಕೊಡುತ್ತೆ. ಪದ ಮರೆಯೋದನ್ನ ಮನೆಯಲ್ಲಿ ಯಾರಿಗೂ ಹೇಳಿಲ್ಲ. ಇಷ್ಟೊಂದು ಕಾದಂಬರಿ ಬರೆದವಳು, ಯಾವ ಬಾಯಲ್ಲಿ ಹೇಳಲಿ?

ಮಾರ್ಚ್ 5

ಸೊಸೆ ರಜೆ ಹಾಕಿದ್ದಾಳಂತೆ. ನಮ್ಮಿಬ್ಬರಿಗೂ ಟಿಕೆಟ್ ಮಾಡಿಸಿದ್ದಾಳೆ — ಸಮುದ್ರದ ಊರಿಗೆ. ಮಗನಿಗೆ ಬಿಡುವಿಲ್ಲ. ಬರೆಯೋದಿದೆ ಅಂದೆ. ಬರೀಬೇಡಿ, ಸುಮ್ಮನೆ ಬನ್ನಿ ಅಂದಳು. ಹಲ್ಲಿನ ಡಾಕ್ಟರು ಅವಳು. ಬಾಯಿ ಅಗಲಿಸಿ ಮಲಗಿದವರ ಹತ್ತಿರ ಮಾತಾಡಿ ಅಭ್ಯಾಸ. ಎದುರುತ್ತರಕ್ಕೆ ಕಾಯೋದಿಲ್ಲ.

ಮಾರ್ಚ್ 9, ಸಂಜೆ, ಲಾಡ್ಜ್

ಬಂದಾಗಿನಿಂದ ಏನೂ ಮಾಡಿಲ್ಲ. ಎಷ್ಟು ಹಿತ. ಕಿಟಕಿಯಲ್ಲಿ ಬಂದರು — ಬಲೆ ಹೊಲಿಯೋರು, ಐಸ್ ಒಡೆಯೋರು, ಕೊಬ್ಬಿದ ಬೆಕ್ಕುಗಳು. ಅಲೆ ಬಂದು ಸೊಸೆಯ ಒಂದು ಚಪ್ಪಲಿ ಎತ್ತಿಕೊಂಡು ಹೋಯಿತು. ಹೊಟ್ಟೆ ಹಿಡಿದು ನಕ್ಕಳು. ಇವಳಿಗೆ ಹೀಗೂ ನಗೋಕೆ ಬರುತ್ತೆ ಅಂತ ಗೊತ್ತೇ ಇರಲಿಲ್ಲ. ಮಧ್ಯಾಹ್ನ ಗಡದ್ದಾಗಿ ನಿದ್ದೆ ಹೊಡೆದೆ.

ಮಾರ್ಚ್ 11, ಮಧ್ಯಾಹ್ನ

ಮಲಗಿದರೂ ನಿದ್ದೆ ಬರ್ತಿಲ್ಲ. ಸಂತೋಷಕ್ಕೆ.

ಬೆಳಿಗ್ಗೆ ದ್ವೀಪ ನೋಡೋಕೆ ಲಾಂಚು ಹತ್ತಿದ್ವಿ. ನಡುನೀರಲ್ಲಿ ಮಂಜು ಕವಿಯಿತು. ಲಾಂಚಿನವನು ಇಂಜಿನ್ ನಿಲ್ಲಿಸಿದ. ಮಂಜು ಕರಗೋವರೆಗೂ ಕದಲೋ ಹಾಗಿಲ್ಲ ಅಂದ. ನನ್ನ ಪಕ್ಕದಲ್ಲಿ ತುಂಬು ಬಸುರಿ, ಒಬ್ಬಳೇ. ಏದುಸಿರು ಬಿಡ್ತಾ ಗಟ್ಟಿಯಾಗಿ ಕೈ ಹಿಡಿದುಕೊಂಡಳು. ನೀರು ಅಂದ್ರೆ ಭಯವಂತೆ. "ಏನಾದ್ರೂ ಮಾತಾಡ್ತಾ ಇರಿ" ಅಂದಳು.

ಕೇಳಿದ್ದೂ ಯಾರನ್ನ!

ಬೇರೆ ದಾರಿ ಇರಲಿಲ್ಲ. ಬಾಯಿಗೆ ಬಂದದ್ದು ಶುರು ಮಾಡಿದೆ — ಬಲೆ ಹೊಲಿಯೋ ಒಬ್ಬಳು, ಜಗಳ ಆಡಿ ಮನೆ ಬಿಟ್ಟ ಅವಳ ಗಂಡ, ಅವನ ಪಾಲಿನ ಮೀನು ತಿಂದು ಮೈ ಬೆಳೆಸಿದ ಬೆಕ್ಕು. ನಡುವೆ ತಡವರಿಸಿದೆ. ನೂಲು ಸುತ್ತೋ... ಹೆಸರು ಹೊಳೀಲಿಲ್ಲ. "ಅದೇ, ಮರದ್ದು" ಅಂದೆ. ಅವಳು "ಹೂಂ, ಆಮೇಲೆ?" ಅಂದಳು.

ಅಷ್ಟೇ. ಒಂದು ಪದ ಇಲ್ಲದಿದ್ದರೂ ಕಥೆ ನಡೀತು. ಹಿಂದಿನ ಬೆಂಚಿನವರೂ ಬಗ್ಗಿ ಕೇಳ್ತಿದ್ರು. ಮಂಜು ಕರಗಿ ಇಂಜಿನ್ ಶುರುವಾದಾಗ ಯಾರಿಗೂ ಅಂಥ ಖುಷಿಯೇನೂ ಆದ ಹಾಗೆ ಕಾಣಲಿಲ್ಲ.

ದಡದಲ್ಲಿ ಆ ಬಸುರಿಯ ಗಂಡ ಕಾಯ್ತಿದ್ದ. ಅಷ್ಟು ದೂರ ಹೋದವಳು ತಿರುಗಿ ಬಂದು, ಕೊನೆಗೆ ಬಲೆ ಹೊಲಿಯೋಳು ಗಂಡನ್ನ ಒಳಗೆ ಸೇರಿಸಿದಳಾ ಅಂತ ಕೇಳಿದಳು. ಗೊತ್ತಿಲ್ಲಮ್ಮ ಅಂದೆ. ನಿಜವಾಗಿಯೂ ಗೊತ್ತಿಲ್ಲ.

ಬಂಡೆ ಮೇಲೆ ಕೂತು ಸೊಸೆಗೆ ಎಲ್ಲಾ ಹೇಳಿಬಿಟ್ಟೆ. ಅವಳು ಸಮುದ್ರ ನೋಡ್ತಾ ಅಂದಳು:

"ಗೊತ್ತಿತ್ತು ಅತ್ತೆ. ಉಪ್ಪು ಬೇಕಾದಾಗ ಬೆರಳು ತೋರಿಸ್ತಿದ್ರಲ್ಲ. ನೀವಾಗೇ ಹೇಳಲಿ ಅಂತ ಕಾದೆ."

ವಾಪಸ್ ಹೋದಮೇಲೆ, ಮಾತಿನ ಅಭ್ಯಾಸ ಮಾಡಿಸೋರು ಇದ್ದಾರೆ, ಕರ್ಕೊಂಡು ಹೋಗ್ತೀನಿ ಅಂದಳು. ಎದೆ ಮೇಲಿನ ಗುಂಡುಕಲ್ಲು ಇಳಿದ ಹಾಗಾಯಿತು. ಅತ್ತುಬಿಟ್ಟೆ. ಅವಳೂ ಅತ್ತಳು. ಆಮೇಲೆ ಇಬ್ಬರಿಗೂ ವಿಪರೀತ ಹಸಿವು.

ಮಾರ್ಚ್ 12, ಬೆಳಿಗ್ಗೆ

ಮುಖ ತೊಳೆದವಳೇ ಬರೆಯೋಕೆ ಕೂತೆ. ಬರದ ಪದಕ್ಕೆ ಜಾಗ ಬಿಟ್ಟು ಮುಂದೆ ಹೋಗ್ತಿದೀನಿ. ಪುಟದ ತುಂಬಾ ತೂತು. ಇರಲಿ, ಬಂದಾಗ ಬರಲಿ. ಸೊಸೆ ತಿಂಡಿಗೆ ಕರೀತಿದಾಳೆ. ಬಂದೆ ಅಂತ ಆಗಲೇ ಎರಡು ಸಲ ಸುಳ್ಳು ಹೇಳಿಯಾಯಿತು. ಈ ಒಂದು ಸಾಲು ಮುಗಿಸಿ —