ಎರಡು ಮೀಟರಿನ ನಿಯಮ

ಮಾರ್ಚ್ 4, ಸೋಮವಾರ

ಮತ್ತೆ ಅದೇ ಡ್ರಾಫ್ಟ್. ಬೆಳಿಗ್ಗೆಯಿಂದ ಒಂದೇ ಸಾಲು — ಕಮ್ಯುನಿಟಿ ಗಾರ್ಡನ್ ಎಂದರೇನು? ಕಾರಿಡಾರಿನ ಕುಂಡ ಅಲ್ಲ. ಪಾರ್ಕಿನ ಹೂವಿನ ಪಾತಿಯೂ ಅಲ್ಲ. ನಾಲ್ಕು ಸಲ ಬರೆದು ಅಳಿಸಿದೆ. ಊರಿನ ಬಡಾವಣೆಗಳ ತೋಟಗಳಿಗೆಲ್ಲ ಒಂದೇ ನಿಯಮಾವಳಿ ಬೇಕಂತೆ ಕ್ಲೈಂಟ್‌ಗೆ. ನಮ್ಮ ಕನ್ಸಲ್ಟೆನ್ಸಿಗೆ ನಾಲ್ಕು ತಿಂಗಳ ಗಡುವು. ಬಾಸ್ ಪ್ರತಾಪ್ ಬೆನ್ನ ಹಿಂದೆ ನಿಂತು, "ಎರಡು ಲೈನ್ ಸಾಕು, ಕಾಮಾಕ್ಷಿ" ಎಂದು ಹೋದರು.

ಶುರುವಾಗಿ ಆರು ವಾರ. ಇನ್ನೂ ಒಂದು ತೋಟಕ್ಕೂ ಕಾಲಿಟ್ಟಿಲ್ಲ. ಗುರುವಾರ ಮೊದಲ ಭೇಟಿ, ಸಿಂಗಪುರದ ಉತ್ತರ ತುದಿಯ ಸೆಂಬವಾಂಗ್‌ಗೆ.

ಮಾರ್ಚ್ 7, ಗುರುವಾರ. ಸಂಜೆ

ಫ್ಲ್ಯಾಟುಗಳ ಬ್ಲಾಕಿನ ಹಿಂದೆ ಇಪ್ಪತ್ತೆರಡು ಪ್ಲಾಟು. ಒಂದೊಂದೂ ಮಂಚದಷ್ಟು. ಕಾಯುವವರ ಪಟ್ಟಿಯಲ್ಲಿ ಅರವತ್ತೊಂದು ಮನೆ. ಆದರೂ ಎರಡು ಪ್ಲಾಟು ಖಾಲಿ. ಯಾಕೆ ಎಂದು ಕೇಳಬೇಕಾಗಲಿಲ್ಲ, ಅಲ್ಲಿ ಬಿಸಿಲೇ ಇಲ್ಲ. ಪಕ್ಕದ ಪ್ಲಾಟಿನಲ್ಲಿ ದೊಡ್ಡ ಮರ. ಕಾಂಡಕ್ಕೇ ಅಂಟಿಕೊಂಡು ಗೊಂಚಲು ಗೊಂಚಲು ಹಸಿರು ಕಾಯಿ. ಇಲ್ಲಿ ಬೆಲಿಂಬಿಂಗ್ ಅನ್ನುತ್ತಾರೆ. ನಮ್ಮ ಬಿಂಬುಳಿ, ಉಪ್ಪಿನಕಾಯಿ ಹಾಕುವ ಹುಳಿಕಾಯಿ!

ಮರದ ಯಜಮಾನ ಯೂಸುಫ್ ಅಂಕಲ್. ಎಪ್ಪತ್ತೊಂದು. ಶಿಪ್‌ಯಾರ್ಡಿನಲ್ಲಿ ವೆಲ್ಡರ್ ಆಗಿದ್ದವರು. ಕೆಲಸ ಬಿಟ್ಟ ವರ್ಷ ನೆಟ್ಟದ್ದಂತೆ, ಹದಿನಾರು ವರ್ಷದ ಹಿಂದೆ. ಬ್ಲಾಕಿನವರೆಲ್ಲ ಕೇಳದೆ ಕಿತ್ತುಕೊಂಡು ಹೋಗುತ್ತಾರೆ. ಕೇಳಿದರೇ ಅವರಿಗೆ ಬೇಜಾರು. ನನಗೂ ಒಂದು ಚೀಲ ತುಂಬಿಸಿ ಕೊಟ್ಟರು.

ಫೋನಿನಲ್ಲಿ ನನ್ನ ಕನ್ನಡ ಕೇಳಿ ಒಬ್ಬರು ಬಂದರು. ಶೇಖರಪ್ಪ, ರಾಣೆಬೆನ್ನೂರಿನವರು, ಅದೇ ಬ್ಲಾಕಿನ ಒಂಬತ್ತನೇ ಮಹಡಿ. ಮೂರು ವರ್ಷದಿಂದ ಪಟ್ಟಿಯಲ್ಲಿದ್ದಾರಂತೆ. ಹೆಂಡತಿ ಗೌರವ್ವ ಸಿಂಗಪುರಕ್ಕೆ ಬಂದಾಗಿನಿಂದ ಹೊರಗೇ ಹೋಗುವುದಿಲ್ಲ, ಮಾತೂ ಕಡಿಮೆಯಾಗಿದೆ, ಒಂದು ಪಾತಿ ಸಿಕ್ಕರೆ ಕೆಳಗಿಳಿದು ಬಂದಾಳು ಎಂದರು. ಆಮೇಲೆ ದನಿ ತಗ್ಗಿಸಿ —

"ಆ ಮರದಿಂದ ಎರಡು ಮನೆಗೆ ಜಾಗ ಇಲ್ಲದಂಗಾಗಿದೆ ರೀ ಮೇಡಂ. ನಾನು ಕಂಪ್ಲೇಂಟ್ ಮಾಡಲ್ಲ. ಅವರ ಮರದ ಕಾಯಿ ನಾನೂ ತಿಂದೀನಿ. ನೀವೇ ನೋಡ್ರಿ."

ನೋಡಿದೆ. ಅವರು ಹೇಳಿದ್ದು ಸರಿ. ಅಂಕಲ್‌ದೂ ತಪ್ಪಿಲ್ಲ.

ಮಾರ್ಚ್ 8, ಶುಕ್ರವಾರ

ನಿಯಮ 4.3 ಬರೆದೆ. ಯಾವ ಗಿಡವೂ ಎರಡು ಮೀಟರ್ ಮೀರಬಾರದು. ಒಂದೇ ಸಾಲು. ಪ್ರತಾಪ್‌ಗೆ ಇಷ್ಟವಾಯಿತು. ಊರಿನ ಎಲ್ಲ ತೋಟಕ್ಕೂ ಬರೆದ ಸಾಲು, ಒಂದು ಮರಕ್ಕಲ್ಲ... ಎಂದು ಹೇಳಿಕೊಂಡೆ. ಬರೆಯುವಾಗ ಕಣ್ಣ ಮುಂದೆ ಇದ್ದದ್ದು ಒಂದೇ ಮರ.

ಮಾರ್ಚ್ 21, ಗುರುವಾರ

ನೆರಳು ಅಳೆಯಲು ಮತ್ತೆ ಹೋದೆ. ಯೂಸುಫ್ ಅಂಕಲ್ ಟೇಪಿನ ಇನ್ನೊಂದು ತುದಿ ಹಿಡಿದುಕೊಂಡರು. ಮುಗಿದ ಮೇಲೆ, ಮರ ಉಳಿಯುತ್ತದೆಯೇ ಎಂದು ನೇರವಾಗಿ ಕೇಳಿದರು.

ಡ್ರಾಫ್ಟ್ ಹೊರಗೆ ಹೇಳುವಂತಿಲ್ಲ. ಗೊತ್ತಿಲ್ಲ ಅಂದಿದ್ದರೆ ಮುಗಿಯುತ್ತಿತ್ತು. ಹೇಳಿಬಿಟ್ಟೆ — ಉಳಿಯುವುದು ಕಷ್ಟ, ಜುಲೈನಿಂದ ಎರಡು ಮೀಟರ್ ಲಿಮಿಟ್ ಬರಬಹುದು. ಅವರು ತಲೆಯಾಡಿಸಿ ಟೇಪ್ ಸುತ್ತಿ ಕೈಗೆ ಕೊಟ್ಟರು.

ಯಾಕೆ ಹೇಳಿದೆ? ಟೇಪ್ ಹಿಡಿದ ಮನುಷ್ಯನಿಗೆ ಸುಳ್ಳು ಹೇಳಲಾರದೆ. ಅಥವಾ ಮನಸ್ಸಿನ ಭಾರ ಇಳಿಯಲಿ ಎಂದು. ಎರಡರಲ್ಲಿ ಯಾವುದೋ.

ಏಪ್ರಿಲ್ 16, ಮಂಗಳವಾರ

ಕ್ಲೈಂಟ್ ಕಾಮೆಂಟ್ಸ್ ಬಂತು. 4.3 ತೆಗೆಯಿರಿ. ಈಗಾಗಲೇ ಇರುವ ಮರಗಳನ್ನು ತಜ್ಞರು ಪರೀಕ್ಷಿಸಲಿ, ಗಟ್ಟಿ ಇದ್ದರೆ ಉಳಿಸಿ, ರೆಂಬೆ ಮಾತ್ರ ಸವರಿ. ಎಷ್ಟು ಸುಲಭದ ದಾರಿ. ನನಗೆ ಯಾಕೆ ಹೊಳೆಯಲಿಲ್ಲ?

ಅಂಕಲ್ ಫೋನ್ ನಂಬರ್ ಇಲ್ಲ. ಶನಿವಾರ ನಾನೇ ಹೋಗಿ ಹೇಳುತ್ತೇನೆ. ತುಂಬಾ ದಿನದ ಮೇಲೆ ಮನಸ್ಸು ಹಗುರ.

ಏಪ್ರಿಲ್ 20, ಶನಿವಾರ

ಮರ ಇಲ್ಲ.

ಮೊದಲು ಬೇರೆ ಬ್ಲಾಕಿಗೆ ಬಂದೆನೇನೋ ಅಂದುಕೊಂಡೆ. ಬೋರ್ಡ್ ನೋಡಿದೆ. ಅದೇ ಬ್ಲಾಕು. ಮೊಣಕಾಲೆತ್ತರದ ಬುಡ, ಅದರ ಸುತ್ತ ಬಿಸಿಲು.

ಅಂಕಲ್ ತಾವೇ ಕಡಿದಿದ್ದಾರೆ. ಮೂರು ಶನಿವಾರ, ಕೈಗರಗಸದಿಂದ, ಒಂದೊಂದೇ ರೆಂಬೆ. ಜುಲೈನಲ್ಲಿ ಕಾಂಟ್ರಾಕ್ಟರ್ ಮೆಷಿನ್ ತಂದರೆ ಅಕ್ಕಪಕ್ಕದವರ ಪಾತಿ ಹಾಳಾಗುತ್ತದೆ, ಅದಕ್ಕೇ ಅಂದರು. ಎರಡು ಮೀಟರಿಗೆ ಇಳಿಸಿದರೆ ಬರೀ ಮೋಟು ಉಳಿಯುತ್ತದೆ ಎಂದು ಬುಡಕ್ಕೇ ಕಡಿದರಂತೆ. ಹಗ್ಗ ಹಿಡಿದವರು ಶೇಖರಪ್ಪ. ಖಾಲಿ ಪ್ಲಾಟುಗಳಿಗೆ ಬಿಸಿಲು ಬಂತಲ್ಲ, ತೋಟದ ಕಮಿಟಿ ಒಂದನ್ನು ಅವರಿಗೆ ಕೊಟ್ಟಿದೆ. ಹೆಸರಿಗೆ ಮೇ ಒಂದರಿಂದ, ಕೆಲಸ ಆಗಲೇ ಶುರು.

ಗೌರವ್ವನನ್ನು ಮೊದಲ ಸಲ ನೋಡಿದೆ. ಕುಕ್ಕರಗಾಲಲ್ಲಿ ಕೂತು ಹೆಂಟೆ ಒಡೆಯುತ್ತಿದ್ದರು. ಕೈ ಒರೆಸಿಕೊಂಡು ಎದ್ದು ಬಂದು, "ನಿಮ್ಮ ರೂಲಿನಿಂದ ನಮಗೆ ಮಣ್ಣು ಸಿಕ್ತು ನೋಡ್ರಿ" ಅಂದರು.

ಆ ರೂಲೇ ಇಲ್ಲ. ಯಾರಿಗೂ ಹೇಳಲಿಲ್ಲ. ಬಸ್ಸು ಹತ್ತಿ ಬಂದುಬಿಟ್ಟೆ.

ಏಪ್ರಿಲ್ 23, ಮಂಗಳವಾರ

ಪ್ರತಾಪ್‌ಗೆ ಹೇಳಿದೆ. ಬರೆದು ಕೊಟ್ಟಿದ್ದೀರಾ ಎಂದು ಕೇಳಿದರು. ಇಲ್ಲ. ಹಾಗಾದರೆ ಬಿಡಿ, ಅವರಾಗಿಯೇ ಕಡಿದದ್ದು ಎಂದರು. ಮನೆಯಲ್ಲಿ ಗಂಡ ಅನಂತರಾಮ್, ಈಗ ಹೇಳಿ ಆ ಮುದುಕರಿಗೆ ಇನ್ನೊಂದು ಸಂಕಟ ಯಾಕೆ ಎಂದರು. ಮಗಳು ವರ್ಷಾ ಹೋಮ್‌ವರ್ಕಿನಿಂದ ತಲೆಯೆತ್ತದೆ, "ಸಾರಿ ಕೇಳು ಲಾ, ಅಮ್ಮ" ಎಂದಳು, ಇಲ್ಲಿಯವರಂತೆ "ಲಾ" ಸೇರಿಸಿ.

ಮೂವರದೂ ಸರಿ ಅನ್ನಿಸುತ್ತದೆ. ಅದೇ ತೊಂದರೆ.

ಹೇಳಿದರೆ ಗೌರವ್ವ ಆ ಮಣ್ಣನ್ನು ಮತ್ತೆ ಮುಟ್ಟುತ್ತಾರೆಯೇ? ಹೇಳದಿದ್ದರೆ, ಹೊಸ ನಿಯಮ ನೋಟಿಸ್ ಬೋರ್ಡಿಗೆ ಬಂದ ದಿನ ಅಂಕಲ್ ತಾವೇ ಓದುತ್ತಾರೆ...

ಮೇ 11, ಶನಿವಾರ

ಹೇಳಿದೆ.

ಅಂಕಲ್ ಬದನೆ ಗಿಡಕ್ಕೆ ಕೋಲು ಕಟ್ಟುತ್ತಿದ್ದರು. ಪೂರ್ತಿ ಕೇಳಿಸಿಕೊಂಡರು. ಗಂಟು ಹಾಕಿ ಮುಗಿಸಿದರು. ಬೈಯಲಿಲ್ಲ. ಪರವಾಗಿಲ್ಲ ಅಂತಲೂ ಅನ್ನಲಿಲ್ಲ. ಅದನ್ನೇ ಕಾಯುತ್ತಿದ್ದೆ ಎಂದು ಆಗ ಗೊತ್ತಾಯಿತು.

ಉಳಿದ ದಾರ ಸುತ್ತಿಡುತ್ತಾ, "ಒಂದು ತಿಂಗಳು ತಡೆದಿದ್ದರೆ ಸಾಕಿತ್ತು" ಎಂದರು. ನನಗೆ ಹೇಳಿದರೋ, ತಮಗೋ.

ಆಮೇಲೆ ಪಕ್ಕದ ಗೌರವ್ವನ ಪಾತಿ ತೋರಿಸಿದರು. ಹರಿವೆ ಮೊಳೆತಿತ್ತು, ಕೆಂಪಗೆ, ಸಾಲಾಗಿ.

"ಅವರಿಗೆ ಹೇಳಬೇಡಿ. ಆಕೆ ದಿನಾ ಬರ್ತಾಳೆ."

ಆಯಿತು ಎಂದೆ. ನೀರಿನ ಕ್ಯಾನ್ ಎತ್ತಲು ಹೋದೆ. ಬೇಡ ಎಂದು ತೆಗೆದುಕೊಂಡರು.

ಮೇ 26, ಭಾನುವಾರ

ನಿಯಮಾವಳಿ ಶುಕ್ರವಾರ ಹೋಯಿತು. ಒಂದು ಸಾಲು ನಾನೇ ಸೇರಿಸಿದ್ದೆ — ನೋಟಿಸ್ ಬೋರ್ಡಿನಲ್ಲಿ ಪ್ರಕಟವಾಗುವ ತನಕ ಯಾವ ನಿಯಮವನ್ನೂ ಪಾಲಿಸಬೇಕಿಲ್ಲ. ಇದನ್ನೂ ಬರೆಯಬೇಕೇ ಎಂದು ಪ್ರತಾಪ್ ನಕ್ಕರು. ಉಳಿಸಿದರು.

ಈಗ ಸ್ವಲ್ಪ ಮುಂಚೆ ಶೇಖರಪ್ಪ, ಕಮಿಟಿಯಿಂದ ನನ್ನ ನಂಬರ್ ಪಡೆದು, ಫೋನ್ ಮಾಡಿದ್ದರು. ಮೊದಲ ಕೊಯ್ಲು. ನನಗೆಂದು ಒಂದು ಕಟ್ಟು ಹರಿವೆ ಎತ್ತಿಟ್ಟಿದ್ದಾಳಂತೆ ಗೌರವ್ವ, ನಾನೇ ಬಂದು ಒಯ್ಯಬೇಕಂತೆ. ಯೂಸುಫ್ ಅಂಕಲ್‌ಗೂ ಒಂದು ಕಟ್ಟು ಕೊಟ್ಟರಂತೆ. ಅವರು ತಗೊಂಡರಾ ಎಂದು ಕೇಳಿದೆ. ಯಾಕೆ ತಗೊಳ್ಳಲ್ಲ ಮೇಡಂ, ಎಂದರು.

ಬರುತ್ತೇನೆ ಎಂದಿದ್ದೇನೆ. ಸೀರೆ ಬದಲಿಸಿ ಕೂತು ಅರ್ಧ ಗಂಟೆಯಾಯಿತು. ಆ ಪಾತಿಗೆ ಇರುವುದು ಒಂದೇ ದಾರಿ, ಬುಡದ ಪಕ್ಕದಲ್ಲೇ ಹಾದು ಹೋಗಬೇಕು. ಅಂಕಲ್ ಅಲ್ಲೇ ಇದ್ದರೆ ಏನು ಹೇಳಲಿ? ಚೀಲ ಎತ್ತಿಕೊಂಡೆ, ಹೊರಡುತ್ತೇನೆ.