ಟೆಂಟಿನಲ್ಲಿ ಸತ್ತವರು

ಹುಣಸೂರು,
೧೪-೪-೧೯೫೭, ಭಾನುವಾರ

ಪ್ರೀತಿಯ ತಂಗಿ ಗುರುಶಾಂತಾ,

ನಿನಗೂ ಮಕ್ಕಳಿಗೂ ಅಕ್ಕನ ತುಂಬು ಹರಕೆ. ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು, ಮುನಿಸಿಕೊಂಡಿರುತ್ತೀಯ. ಬರೆಯಲು ಕೂರುತ್ತೇನೆ, ಒಲೆಯ ಮೇಲೆ ಏನೋ ಇಟ್ಟಿದ್ದೆನಲ್ಲ ಎಂದು ಎದ್ದು ಹೋಗುತ್ತೇನೆ. ನೋಡಿದರೆ ಒಲೆಯನ್ನೇ ಹಚ್ಚಿರುವುದಿಲ್ಲ. ನಿನ್ನ ಭಾವ ಹೋದಮೇಲೆ ಹೀಗೇ ಆಗಿದ್ದೇನೆ.

ಬೇಸಿಗೆ ರಜಕ್ಕೆ ನನ್ನ ಮಗಳು ನೀಲಳನ್ನು ನಿಮ್ಮ ಕೃಷ್ಣರಾಜನಗರಕ್ಕೆ ಕಳಿಸು ಎಂದು ಬರೆದಿದ್ದೀಯ. ಕಳಿಸುವುದೋ ಬೇಡವೋ ತಿಳಿಯದೆಯೇ ಇಷ್ಟು ತಡ ಮಾಡಿದೆ. ಮನಸ್ಸಿನಲ್ಲಿರುವುದನ್ನು ಬರೆದುಬಿಡುತ್ತೇನೆ, ಕೋಪ ಮಾಡಿಕೊಳ್ಳಬೇಡ.

ದೀಪಾವಳಿ ಕಳೆದು ನಿನ್ನ ಭಾವ ತೀರಿಕೊಂಡಾಗ ಮಗುವನ್ನು ನೀನೇ ಕರೆದೊಯ್ದು ಸಂಕ್ರಾಂತಿವರೆಗೆ ಇಟ್ಟುಕೊಂಡೆ. ಅದನ್ನು ನಾನು ಮರೆಯುವವಳಲ್ಲ. ಆದರೆ ಟೂರಿಂಗ್ ಟಾಕೀಸಿನವರು ಟೆಂಟು ಹಾಕಿದ್ದು ನಿಮ್ಮ ಹೊಲದಲ್ಲೇ. ಜಾಗ ಕೊಟ್ಟವರ ಮನೆ ಮಕ್ಕಳಿಗೆ ಟಿಕೇಟಿಲ್ಲ. ನಿನ್ನ ಮಕ್ಕಳ ಜೊತೆ ಇವಳೂ ದಿನಾ ಸಂಜೆ ಪರದೆಯ ಮುಂದೆ ನೆಲದಲ್ಲಿ ಕೂತು ಕತ್ತಿಕಾಳಗದ ಚಿತ್ರಗಳನ್ನೆಲ್ಲ ನೋಡಿದಳು. ಅಳುವ ಮಗು ಅಲ್ಲಾದರೂ ಸುಮ್ಮನಿರಲಿ ಎಂದು ನೀನು ಕಳಿಸಿದೆ. ನಾನಾಗಿದ್ದರೂ ಕಳಿಸುತ್ತಿದ್ದೆನೇನೋ.

ಇಲ್ಲಿಗೆ ಬಂದಮೇಲೆ ಅವಳ ಆಟವೇ ಬೇರೆಯಾಗಿದೆ. ಪಕ್ಕದ ಮನೆ ಪುಟ್ಟಮಾದಮ್ಮನ ಮೊಮ್ಮಗಳನ್ನು ಸೌದೆ ಚೂರಿನಿಂದ ತಿವಿಯುತ್ತಾಳೆ, ಅರಿಸಿನ ಸುಣ್ಣ ಕದಡಿದ ಕೆಂಪು ನೀರನ್ನು ಮೇಲೆ ಸುರಿಯುತ್ತಾಳೆ, ಸಾಯಿ ಅನ್ನುತ್ತಾಳೆ. ಸ್ವಲ್ಪ ಹೊತ್ತಿಗೆ, "ಈಗ ಏಳು, ಇದು ಇನ್ನೊಂದ್ ಪಿಚ್ಚರು" ಅನ್ನುತ್ತಾಳೆ. ಮೊನ್ನೆ ಆ ಮಗುವಿನ ಹುಬ್ಬು ಒಡೆಯಿತು. ಪುಟ್ಟಮಾದಮ್ಮ ಬಾಗಿಲಿಗೇ ಬಂದಳು.

"ಏನವ್ವ ರುದ್ರಮ್ಮ, ನಿನ್ ಮಗ್ಳು ಯಾವ್ ರಾಜನ್ ದಂಡಿಗೆ ಸೇರವ್ಳೆ? ನಮ್ ಕೂಸ್ನ ದಿನಾ ಸಾಯಿಸಿ ಸಾಯಿಸಿ ಎಬ್ಬಿಸ್ತಾವ್ಳಲ್ಲ!"

"ಬೈದಿದೀನಿ ಕಣಕ್ಕಾ."

"ಬೈದ್ರೆ ಓಯ್ತದಾ? ಸಂತೆಮಾಳಕ್ಕೂ ಟೆಂಟು ಬತ್ತಾ ಅದೆ. ಇನ್ ಬೀದಿ ಮಕ್ಳೆಲ್ಲ ಇಂಗೇ ಆಯ್ತವೆ ನೋಡ್ತಿರು."

ಅವಳ ಮಾತು ನಿಜ, ಕಂಬ ನೆಟ್ಟಾಗಿದೆ. ಅದಕ್ಕೇ ಬೀದಿಯ ಹೆಂಗಸರೆಲ್ಲ ಸೇರಿ ಒಂದು ಕಟ್ಟುಪಾಡು ಮಾಡಿಕೊಂಡೆವು. ಚಿತ್ರ ಬದಲಾದಾಗ ಯಾರಾದರೊಬ್ಬ ತಾಯಿ ಮೊದಲು ನೋಡಿ ಬರಬೇಕು. ಅವಳು ಒಪ್ಪಿದರೆ ಮಾತ್ರ ಮಕ್ಕಳು, ಅದೂ ದೊಡ್ಡವರ ಮಗ್ಗುಲಲ್ಲಿ. ಮೂಲೆಮನೆ ಬೀರಮ್ಮ ತಟ್ಟನೆ, "ಅಂಗಾರೆ ಎಲ್ಲಾ ಪಿಚ್ಚರ್ನೂ ನಾನೇ ನೋಡ್ಕಬತ್ತೀನಿ ಬುಡ್ರವ್ವ, ಮಕ್ಳಿಗೋಸ್ಕರ ಅಷ್ಟಾರ ಕಷ್ಟಪಡ್ದಿದ್ರೆ ಎಂಗೆ!" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆನಂತೆ.

ಆದರೆ ನನ್ನನ್ನು ಕಾಡುವುದು ಬರೀ ಕತ್ತಿಯಲ್ಲ. ಮೊದಲ ದಿನ ಟೆಂಟಿನಲ್ಲಿ ಒಬ್ಬನ ಎದೆಗೆ ಕತ್ತಿ ಬಿದ್ದಾಗ ನೀಲ ಕಿರುಚಿಕೊಂಡಳಂತೆ. ನಿಮ್ಮ ಯಜಮಾನರು ಚನ್ನಬಸವಣ್ಣನವರು ತೊಡೆಯ ಮೇಲೆ ಕೂರಿಸಿಕೊಂಡು, "ಅಳಬ್ಯಾಡ ಕಣವ್ವ, ಅದು ರಕ್ತ ಅಲ್ಲ, ಬಣ್ಣ. ಅವ್ನೆಲ್ಲಿ ಸತ್ತಾನು? ಇನ್ನೊಂದ್ ಪಿಚ್ಚರಲ್ಲಿ ಬತ್ತಾನೆ ನೋಡು" ಅಂದರಂತೆ. ಅವರು ಕರುಣೆಯಿಂದಲೇ ಹೇಳಿದ್ದು. ಚಿತ್ರ ಬದಲಾಯಿತು, ಅವನು ಬಂದೇ ಬಂದ, ಮೀಸೆ ಮಾತ್ರ ಬೇರೆ. ಮರದ ಡಿಪೋದಲ್ಲಿ ದಿಮ್ಮಿ ಉರುಳಿ ಅಪ್ಪನನ್ನು ಮನೆಗೆ ಹೊತ್ತು ತಂದಾಗ ಅಂಗಿಯ ತುಂಬ ರಕ್ತ ಕಂಡ ಮಗು ಅದು. ಆ ಮಾತನ್ನು ಅವಳು ಎಲ್ಲಿಗೆ ಜೋಡಿಸಿಕೊಂಡಳೆಂದು ಯಾರಿಗೆ ತಿಳಿಯಬೇಕು?

ನೀಲಳನ್ನು ಕಳಿಸುತ್ತೇನೆ. ಒಬ್ಬಳೇ ನನ್ನ ಮುಖ ನೋಡಿಕೊಂಡಿರುವುದೂ ಅವಳಿಗೆ ಒಳ್ಳೆಯದಲ್ಲ. ಆದರೆ ಅವಳನ್ನು ಟೆಂಟಿಗೆ ಬಿಡಬೇಡ. ನಿನ್ನ ಮಕ್ಕಳನ್ನೂ ದಿನಾ ಬಿಡಬೇಡ. ಟಿಕೇಟಿಲ್ಲವೆಂದು ಕಂಡದ್ದನ್ನೆಲ್ಲ ಕಣ್ಣಿಗೆ ತುಂಬಬೇಕೇ? ಅವಳು ಕೇಳಿದರೆ ಎರಡನ್ನೂ ಹೇಳು: ವೇಷ ಹಾಕಿ ಸತ್ತವರು ಏಳುತ್ತಾರೆ, ನಿಜವಾಗಿ ಸತ್ತವರು ಏಳುವುದಿಲ್ಲ. ಎರಡನೆಯದು ನನ್ನ ಬಾಯಲ್ಲಿ ಬರುತ್ತಿಲ್ಲ. ನೀನು ಹೇಳು.

ಮಾದಪ್ಪ ನಿಮ್ಮನ್ನೆಲ್ಲ ತಣ್ಣಗಿಟ್ಟಿರಲಿ.

ನಿನ್ನ ಅಕ್ಕ,
ಶಿವರುದ್ರಮ್ಮ

ಮತ್ತೆ: ಮಡಿಸಿದ್ದ ಕಾಗದವನ್ನು ಬಿಚ್ಚಿ ಬರೆಯುತ್ತಿದ್ದೇನೆ. ಇವತ್ತು ಸೋಮವಾರ, ನಿನ್ನ ಭಾವನ ಸಮಾಧಿಗೆ ಪತ್ರೆ ಇಡಲು ಹೋಗಿದ್ದೆ, ನೀಲ ಜೊತೆಗಿದ್ದಳು. ತಿರುಗಿ ನೋಡುವಷ್ಟರಲ್ಲಿ ತೆಂಗಿನ ಚಿಪ್ಪಿನಿಂದ ಮಣ್ಣು ಕೆರೆಯುತ್ತಿದ್ದಳು. ಏನೇ ಇದು ಅಂದೆ.

"ಅಪ್ಪುಂಗೆ ದಾರಿ ಮಾಡ್ತಾ ಇವ್ನಿ ಕಣವ್ವ. ಟೆಂಟಲ್ಲಿ ಮನಿಕ್ಕಂಡು ಸತ್ತೋರೇ ಎದ್ ಬತ್ತಾರೆ. ಅಪ್ಪನ್ನ ಕೂರ್ಸಿದ್ದೀರಲ್ಲ, ಕೂತೋರು ಬೇಗ ಏಳ್ತಾರೆ."

ನಮ್ಮವರ ಪದ್ಧತಿಯಂತೆ ಅಪ್ಪನನ್ನು ಕೂರಿಸಿ ಹೊತ್ತು, ಕೂರಿಸಿಯೇ ಮಣ್ಣು ಮಾಡಿದ್ದನ್ನು ಅವಳು ನೋಡಿದ್ದಳು. ಅವಳ ಕೈ ಹಿಡಿಯಬೇಕೆಂದೇ ಬಗ್ಗಿದೆ, ಗುರುಶಾಂತಾ. ಬಗ್ಗಿದವಳು ಹಿಡಿಯಲಿಲ್ಲ. ಮಣ್ಣಿಗೆ ಕಿವಿಯಿಟ್ಟು ಕೇಳಿದೆ.